ಓರ್ಫೆಲಿನಾಳ ಅಡುಗೆಮನೆ ಕಿಟಕಿ ಕಡಲು ದಾಟಿದ್ದು

ಓರ್ಫೆಲಿನಾ ಬಿಡಿಸಿದ ಚಿತ್ರಗಳಲ್ಲಿ ನಮ್ಮ ಕೊಲ್ಲಿಯ ದ್ವೀಪಗಳೆಲ್ಲ ಇವೆ, ದೋಣಿಗಳಿವೆ, ಪ್ರಾರ್ಥನಾಮಂದಿರದ ಗೋಪುರವಿದೆ, ನನ್ನ ಕೊಟ್ಟಿಗೆಯ ಸೊಟ್ಟ ಸೂರೂ ಇದೆ. ಅವಳ ಸ್ವಂತ ಮನೆ ಮಾತ್ರ ಒಂದರಲ್ಲೂ ಇರಲಿಲ್ಲ. ಕಾರಣ ಸರಳ: ಅವಳು ಚಿತ್ರ ಬಿಡಿಸುತ್ತಿದ್ದದ್ದು ಆ ಮನೆಯ ಅಡುಗೆಮನೆ ಕಿಟಕಿಯಲ್ಲಿ ನಿಂತು. ತನ್ನ ಮೂಗನ್ನು ತಾನೇ ನೋಡಿಕೊಳ್ಳಲು ಯಾರಿಗೆ ಬರುತ್ತದೆ? ನನ್ನದು ಕಾಣುತ್ತದೆ, ಆದರೆ ನನ್ನ ಮೂಗಿನ ಗಾತ್ರ ಬೇರೆ. ಅದರ ನೆರಳಿನಲ್ಲಿ ಎರಡು ಕುರಿ ಮಲಗಬಹುದು.

ಅವಳಿಗೆ ಸಾಮಗ್ರಿಯ ಚಿಂತೆ ಇರಲಿಲ್ಲ. ಕಾಗದ ಎಂದರೆ ಅಂಗಡಿಯಲ್ಲಿ ಸಾಮಾನು ಸುತ್ತಿಕೊಡುವ ಕಂದು ಸುರುಳಿ. ಇದ್ದಿಲು ಒಲೆಯದ್ದೇ. ಹೆಬ್ಬೆರಳಿನಿಂದ ಉಜ್ಜಿದರೆ ಮಂಜು, ಉಗುರಿನಿಂದ ಕೆರೆದರೆ ಮಳೆ. ಆ ಹೆಬ್ಬೆರಳು ತೊಳೆದರೂ ಬೆಳ್ಳಗಾಗುತ್ತಿರಲಿಲ್ಲ. ಮಗಳು ಮಿರೆಯಾ ಶಾಲೆಗೆ ಹೋಗುವಾಗ ಕೆನ್ನೆಯ ಮೇಲೊಂದು ಕಪ್ಪು ಮಚ್ಚೆ ಇದ್ದರೆ ಬೆಳಗ್ಗೆ ಅಮ್ಮ ಮುದ್ದಿಸಿದ್ದಾಳೆ ಎಂದು ಊರಿಗೇ ತಿಳಿಯುತ್ತಿತ್ತು. ಗಂಡ ಬೆಲಾರ್ಮಿನೊನ ಕುತ್ತಿಗೆಯ ಹಿಂದೆ ಅದೇ ಮಚ್ಚೆ ಕಂಡ ದಿನ ದೋಣಿಯಲ್ಲಿ ನಾವೆಲ್ಲ ಅವನ ಜೀವ ತಿನ್ನುತ್ತಿದ್ದೆವು.

ಆಲೂಗಡ್ಡೆ ಬೇಯುವಷ್ಟು ಹೊತ್ತಿನಲ್ಲಿ ಅವಳಿಂದ ಒಂದು ಗುಡ್ಡವಾಗುತ್ತಿತ್ತು. ಹಿಟ್ಟು ಉಬ್ಬುವಷ್ಟು ಹೊತ್ತಿನಲ್ಲಿ ಒಂದು ಕೊಲ್ಲಿ. ತೊಂದರೆ ಕೊಡುತ್ತಿದ್ದದ್ದು ಮೋಡ. ನಮ್ಮ ಚಿಲೊಯೆ ದ್ವೀಪಗಳ ಮೋಡಗಳು ಬಾಗಿಲಲ್ಲಿ ನಿಂತು ಹರಟೆ ಹೊಡೆಯುವ ನೆಂಟರಂತೆ, ಹೊರಟೆ ಹೊರಟೆ ಎನ್ನುತ್ತಲೇ ಇರುತ್ತವೆ. ಅವುಗಳ ಹಿಂದೆ ಬಿದ್ದಳೆಂದರೆ ಒಲೆಯಲ್ಲಿದ್ದ ಬ್ರೆಡ್ಡು ಹೋಯಿತೆಂದೇ ಲೆಕ್ಕ. ಹಾಗೆ ಸುಟ್ಟ ಒಂದು ಬ್ರೆಡ್ಡಿಗೆ ಹಗ್ಗ ಕಟ್ಟಿ ನಾನು ನನ್ನ ದೋಣಿಗೆ ಲಂಗರು ಮಾಡಿಕೊಂಡೆ. ಹೋದ ವರ್ಷದ ಬಿರುಗಾಳಿಗೆ ಕಬ್ಬಿಣದ ಲಂಗರಿನ ದೋಣಿಗಳೆಲ್ಲ ಕೊಚ್ಚಿಹೋದವು. ನನ್ನದು ಮಿಸುಕಲಿಲ್ಲ.

ಬ್ರೆಡ್ಡು ಸುಟ್ಟದ್ದನ್ನು ಸಹಿಸದವರು ಒಬ್ಬರೇ: ಅವಳ ಅತ್ತೆ ದೋನ್ಯಾ ಕ್ಲೊರಿಂದಾ. ಗಿಡ್ಡ ಹೆಂಗಸು, ಆದರೆ ದನಿ ಎಂಥದೆಂದರೆ ಆಕೆ ದಡದಲ್ಲಿ ನಿಂತು ಗದರಿದಾಗ ಏರುತ್ತಿದ್ದ ಉಬ್ಬರ ಅರ್ಧಕ್ಕೇ ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೊಸೆ ಚಿತ್ರ ಬಿಡಿಸುವುದಕ್ಕೆ ಆಕೆಯ ತಕರಾರೇನೂ ಇರಲಿಲ್ಲ. ಮಡಕೆ ಮೊದಲು, ಮೋಡ ಆಮೇಲೆ, ಅಷ್ಟೇ ಆಕೆಯ ಕಾನೂನು. ಮಡಕೆಗೆ ಕೊನೆಯೇ ಇಲ್ಲವಾದ್ದರಿಂದ ಓರ್ಫೆಲಿನಾ ಆ ಕಾನೂನನ್ನು ದಿನಾ ಸ್ವಲ್ಪ ಸ್ವಲ್ಪ ಮುರಿದುಕೊಂಡು ಬದುಕುತ್ತಿದ್ದಳು.

ಅವಳು ಪ್ರದರ್ಶನಕ್ಕೆ ಬಿದ್ದದ್ದೂ ಅಡುಗೆಮನೆಯ ದಾರಿಯಿಂದಲೇ. ಬೆಂಚಿನ ಕೆಳಗೆ ಸೇರಿಕೊಂಡಿದ್ದ ಚಿತ್ರಗಳಲ್ಲಿ ಒಂದನ್ನೆಳೆದು ಬೆಲಾರ್ಮಿನೊ ಹೊಗೆಯಲ್ಲಿ ಒಣಗಿಸಿದ ಚಿಪ್ಪಿಮೀನು ಕಟ್ಟಿ ಕಾಸ್ತ್ರೊ ಪೇಟೆಯ ಸಂತೆಗೆ ಒಯ್ದ. ಕೊಂಡವರು ಅಲ್ಲಿನ ಸಭಾಂಗಣ ನೋಡಿಕೊಳ್ಳುವ ಸೆನ್ಯೊರಾ ಗ್ರಾಸಿಯೆಲಾ. ಮನೆಗೆ ಹೋಗಿ ಪೊಟ್ಟಣ ಬಿಚ್ಚಿದವರು ಚಿಪ್ಪಿಮೀನನ್ನು ಬೆಕ್ಕಿಗೆ ಬಿಟ್ಟು ಕಾಗದ ಹಿಡಿದುಕೊಂಡು ಮರುದಿನದ ಲಾಂಚಿನಲ್ಲೇ ನಮ್ಮ ದ್ವೀಪಕ್ಕೆ ಬಂದರು. ಇದು ನಿಮ್ಮದೇ ಕೈಕೆಲಸವೇ ಎಂದು ಬೆಲಾರ್ಮಿನೊನನ್ನು ಕೇಳಿದರು. ಅವನು ಪ್ರಾಮಾಣಿಕ ಮನುಷ್ಯ. ಹೊಗೆ ನನ್ನದು, ಗೆರೆ ಇವಳದು ಎಂದ.

ಮೊದಲ ಪ್ರದರ್ಶನಕ್ಕೆ ಓರ್ಫೆಲಿನಾ ವಾರಕ್ಕಾಗುವಷ್ಟು ಅಡುಗೆ ಮಾಡಿಟ್ಟು ಹೋದಳು. ಎರಡನೆಯದರ ದಿನ ಮಿರೆಯಾಗೆ ಜ್ವರ. ಲಾಂಚಿನಲ್ಲಿ ಹೋಗಿ, ಸಭಾಂಗಣದ ಬಾಗಿಲಲ್ಲಿ ಮುಖ ತೋರಿಸಿ, ಅದೇ ಲಾಂಚಿನಲ್ಲಿ ತಿರುಗಿ ಬಂದಳು. ಪೇಟೆಯವರು ಎಂಥ ಗತ್ತಿನ ಕಲಾವಿದೆ ಎಂದು ಬೆರಗಾಗಿ ಇನ್ನಷ್ಟು ಗೌರವ ಕೊಟ್ಟರಂತೆ.

ಮೂರನೆಯದೇ ನಾನು ಹೇಳಹೊರಟಿರುವುದು. ಗ್ರಾಸಿಯೆಲಾ ಈ ಸಲ ಇಡೀ ಸಭಾಂಗಣವನ್ನೇ ಅವಳಿಗೆ ಬಿಟ್ಟುಕೊಟ್ಟರು. ಮೂರು ಗೋಡೆ, ಆ ಮೂರಕ್ಕೂ ತುಂಡಾಗದ ಒಂದೇ ಚಿತ್ರ. ಆ ಕಿಟಕಿಯಿಂದ ಕಾಣುವ ಕೊಲ್ಲಿ ಪೂರ್ತಿ ಬೇಕು. ಫೆಬ್ರವರಿಯ, ಅಂದರೆ ನಮ್ಮ ಕಡೆಯ ನಡುಬೇಸಗೆಯ, ಒಂದು ಶನಿವಾರ ಗೊತ್ತಾಯಿತು. ಅದರ ಮಾರನೆಯ ವಾರದಿಂದ ಆ ಗೋಡೆಗಳು ಬೇರೆಯವರಿಗೆ, ಮತ್ತೆ ಯಾವಾಗ ಸಿಗುತ್ತವೋ ಹೇಳಲಾಗದು. ಓರ್ಫೆಲಿನಾ ಎರಡು ಪೊರಕೆ ಕೋಲಿಗೆ ಕಾಗದದ ಸುರುಳಿ ಸುತ್ತಿ ಕಿಟಕಿಯ ಎರಡು ಬದಿಗೆ ನಿಲ್ಲಿಸಿದಳು. ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತುತ್ತ, ವಸಂತದಿಂದ ಬೇಸಗೆಯವರೆಗೆ, ಮಡಕೆ ಮಡಕೆಗಳ ಸಂದಿಯಲ್ಲಿ ಅರ್ಧ ಕೊಲ್ಲಿ ಮುಗಿಸಿದಳು. ನಾನು ಮಿರೆಯಾಳ ಜ್ಞಾನತಂದೆ, ಅವಳ ಅಪ್ಪ ಅಮ್ಮನಿಗೆ ಕೊಂಪಾದ್ರೆ, ಮನೆಯವನಂತೆ ಹೋಗಿ ಬರುವವನು. ಹೋದಾಗಲೆಲ್ಲ ಓರ್ಫೆಲಿನಾಳ ಕಣ್ಣು ಹೊಸ ಮದುಮಗಳ ಕಣ್ಣಿನಂತೆ ಮಿಂಚುತ್ತಿತ್ತು. "ಕೊಂಪಾದ್ರೆ, ಇವತ್ತು ನಿಮ್ಮ ಕೊಟ್ಟಿಗೆ ತಂಕ ಬಂದೆ" ಎನ್ನುತ್ತಿದ್ದಳು, ನಡೆದುಕೊಂಡು ಬಂದವಳ ಹಾಗೆ.

ಆದರೆ ಆ ಮನೆ ನಿಂತಿದ್ದದ್ದು ದಿಬ್ಬದ ಅಂಚಿನಲ್ಲಿ. ಚಳಿಗಾಲಗಳಲ್ಲಿ ಕಡಲು ದಿಬ್ಬವನ್ನು ಕೆಳಗಿನಿಂದ ತಿನ್ನುತ್ತಲೇ ಬಂದಿತ್ತು. ಮೊದಲು ಹೋದದ್ದು ಕೋಳಿಗೂಡು, ಕೋಳಿಗಳ ಸಮೇತ. ಅವು ಈಗಲೂ ತಳದಲ್ಲೆಲ್ಲೋ ಸಂಸಾರ ನಡೆಸುತ್ತಿರಬೇಕು, ಆಗೊಮ್ಮೆ ಈಗೊಮ್ಮೆ ನನ್ನ ಬಲೆಗೆ ಉಪ್ಪುಪ್ಪಾದ ಮೊಟ್ಟೆ ಸಿಗುತ್ತದೆ. ಕೋಳಿಗೂಡಿನ ನಂತರ ಮನೆಯ ಸರದಿ ಎಂಬುದು ಕುರುಡನಿಗೂ ಕಾಣುತ್ತಿತ್ತು. ಕಾಲುವೆಯಂಥ ಕಡಲಿನ ಆಚೆ ದಡದಲ್ಲಿ ದೋನ್ಯಾ ಕ್ಲೊರಿಂದಾರ ತವರಿನ ಹುಲ್ಲುಗಾವಲಿತ್ತು. ಮನೆಯನ್ನು ಅಲ್ಲಿಗೆ ಎಳೆಯುವುದೆಂದು ಬೆಲಾರ್ಮಿನೊ ನಿಶ್ಚಯಿಸಿದ. ನಮ್ಮಲ್ಲಿ ಮನೆ ಎಂದರೆ ಮರ. ಮನೆ ನಿಂತ ಗುಜ್ಜುಗಂಬ ಕೊಯ್ದು, ಅಡಿಗೆ ದಿಮ್ಮಿ ಸೇರಿಸಿ, ಎತ್ತು ಹೂಡಿ ಎಳೆಯುತ್ತೇವೆ. ನಡುವೆ ನೀರು ಸಿಕ್ಕರೆ ಪೀಪಾಯಿ ಕಟ್ಟಿ ತೇಲಿಸುತ್ತೇವೆ. ಇಡೀ ಊರು ಬಂದು ಹೆಗಲು ಕೊಡುತ್ತದೆ, ಮನೆಯವರು ಇಡೀ ಊರಿಗೆ ಊಟ ಹಾಕುತ್ತಾರೆ. ಮಿಂಗಾ ಎಂದರೆ ಅಷ್ಟೇ, ಕೂಲಿಯ ಮಾತಿಲ್ಲ.

ಇಂಥ ಭಾರವನ್ನು ಎತ್ತುವಷ್ಟು ನೀರು ಬೇಸಗೆಯ ದೊಡ್ಡ ಉಬ್ಬರದಲ್ಲಿ ಮಾತ್ರ ಬರುತ್ತದೆ. ಅದು ಬಂದದ್ದು ಪ್ರದರ್ಶನದ ಶನಿವಾರಕ್ಕೆ ಮುಂಚಿನ ಗುರುವಾರ.

ಆ ದಿನ ಅಡುಗೆ ಓರ್ಫೆಲಿನಾಳದು. ಅದು ಬೆಳಗ್ಗಿನಿಂದ ಸಂಜೆಯವರೆಗಿನ ಕೆಲಸ. ಶುಕ್ರವಾರ ಬೆಳಗ್ಗೆ ಕಾಸ್ತ್ರೊಗೆ ಲಾಂಚು. ಗುರುವಾರದ ನಂತರ ಆ ಕಿಟಕಿಯಿಂದ ಆ ಕೊಲ್ಲಿ ಕಾಣುವುದೂ ಇಲ್ಲ, ಏಕೆಂದರೆ ಹೊಸ ಜಾಗದಲ್ಲಿ ಅಡುಗೆಮನೆ ಕಾಡಿನ ಕಡೆ ತಿರುಗಿರಬೇಕೆಂದು ತಾಯಿ ಮಗ ಇಬ್ಬರೂ ತೀರ್ಮಾನಿಸಿದ್ದರು. ಗಾಳಿ ಬಡಿಯುವುದಿಲ್ಲ ಎಂದ ಮಗ. ಬ್ರೆಡ್ಡು ಸುಡುವುದಿಲ್ಲ ಎಂದರು ತಾಯಿ.

ಮಿಂಗಾವನ್ನು ಮುಂದಕ್ಕೆ ಹಾಕಲಾಗದೇ ಎಂದು ಓರ್ಫೆಲಿನಾ ಕೇಳಿದಳಂತೆ. ಬೆಲಾರ್ಮಿನೊ ಹೆಂಡತಿಯನ್ನು ಮನಸಾರೆ ಪ್ರೀತಿಸುವವನು, ಅದಕ್ಕೇ ಅವನಿಗೂ ಸಂಕಟ.

"ಎತ್ತಿನೋರಿಗೆ ಹೇಳ್ಬೋದು, ದೋಣಿಯೋರಿಗೆ ಹೇಳ್ಬೋದು. ಉಬ್ಬರಕ್ಕೆ ಯಾರೇ ಹೇಳೋರು?" ಎಂದ. "ಅರ್ಧ ಚಿತ್ರಾನೇ ತಗೊಂಡ್ ಹೋಗು. ಮಿಕ್ಕಿದ್ ಗೋಡೇಲಿ ಜನ ಒರಗ್ಕೊಂಡು ನಿಂತ್ಕೋತಾರೆ."

ಅವಳು ಒಲೆಯ ಕಡೆ ತಿರುಗಿದಳು. ಕೆಲವು ದಿನ ಮನೆಯಲ್ಲಿ ಬ್ರೆಡ್ಡು ಒಂದಿಷ್ಟೂ ಸುಡಲಿಲ್ಲ. ಅದನ್ನು ಕಂಡು ನನಗೆ ಭಯವಾಯಿತು.

ಬುಧವಾರ ಮಧ್ಯಾಹ್ನ ನನ್ನ ಬಾಗಿಲು ಬಡಿದ ಸದ್ದಾಯಿತು. ನಮ್ಮ ದ್ವೀಪದಲ್ಲಿ ಬಾಗಿಲು ಬಡಿಯುವವರಿಲ್ಲ, ಕೆಮ್ಮಿ ಒಳಗೆ ಬರುತ್ತಾರೆ. ತೆರೆದರೆ ಓರ್ಫೆಲಿನಾ, ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ನಿಂತಿದ್ದಾಳೆ. ಒಳಗೆ ಬಾ ಎಂದೆ, ಬರಲಿಲ್ಲ. ಕೂತುಕೋ ಎಂದೆ, ಕೂರಲಿಲ್ಲ. ಮಾತೆ ಎಂಬ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಚಾಚಿದೆ, ಮುಟ್ಟಲಿಲ್ಲ. ಆಗ ಗೊತ್ತಾಯಿತು, ಇವಳು ಬೇಡಿಕೆಗೆ ಬಂದಿದ್ದಾಳೆ ಎಂದು. ಮಿಂಗಾಕ್ಕೆ ಜನರನ್ನು ಕರೆಯುವ ರೀತಿ ಅದು. ಹೊಸಿಲಿನ ಹೊರಗೆ ನಿಂತು, ಪೂರ್ತಿ ಹೆಸರು ಹಿಡಿದು ಕೇಳಬೇಕು. ಉತ್ತರ ಸಿಗುವ ತನಕ ಆ ಮನೆಯ ನೀರೂ ಕುಡಿಯುವಂತಿಲ್ಲ. ಹಾಗೆ ಕೇಳಿಸಿಕೊಂಡವನು, ಎರಡು ಕಾಲ ಮೇಲೆ ನಿಲ್ಲಬಲ್ಲವನಾಗಿದ್ದರೆ, ಇಲ್ಲ ಎನ್ನುವಂತಿಲ್ಲ. ಒಬ್ಬ ಅಂದಿದ್ದ, ನಮ್ಮಜ್ಜನ ಕಾಲದಲ್ಲಿ. ಅವನ ಮನೆ ಈಗಲೂ ಅಲ್ಲೇ ಇದೆ, ಕದಲಿಸುವುದಕ್ಕೆ ಯಾರೂ ಹೋಗಲಿಲ್ಲ, ನಿಂತಲ್ಲೇ ಬೇರು ಬಿಟ್ಟು ಚಿಗುರಿದೆ.

"ದೋನ್ ರೊಸಾಮೆಲ್ ಗುವೆಂತೆಯೊ ಅವರೆ," ಎಂದಳು. ಕೊಂಪಾದ್ರೆ ಎನ್ನುವ ಬಾಯಿಂದ ಪೂರ್ತಿ ಹೆಸರು ಕೇಳಿ ನಾನು ಬುರುಡೆಯನ್ನು ಕೆಳಗಿಟ್ಟೆ. "ನಾಳೆ ದೋಣಿಗಳಿಗೆಲ್ಲ ನೀವೇ ಯಜಮಾನ್ರು. ಮನೆ ನೀರಿಗಿಳಿದ್ಮೇಲೆ ಅದ್ರೊಳಗೆ ನಾನಿರ್ಬೇಕು. ನನ್ನ ಕಿಟಕೀಲಿ. ಇದು ನನ್ನ ಬೇಡಿಕೆ."

ತೇಲುವ ಮನೆಯೊಳಗೆ ಯಾರನ್ನೂ ಬಿಡುವ ವಾಡಿಕೆಯಿಲ್ಲ, ಬೆಕ್ಕನ್ನೂ ಇಳಿಸುತ್ತೇವೆ. ಅದನ್ನು ಹೇಳಿದೆ. ಅವಳು ಸುಮ್ಮನೆ ನನ್ನ ಎರಡು ಕಾಲುಗಳನ್ನು ನೋಡಿದಳು. ಅವು ನೆಟ್ಟಗೇ ನಿಂತಿದ್ದವು, ದರಿದ್ರದವು. ಆಯಿತು ಎಂದೆ.

"ಊಟ ಯಾರು ಬೇಯಿಸ್ತಾರೆ ಕೊಮಾದ್ರೆ?"

"ಅಲ್ಲಿಗೇ ಹೊರಟಿದೀನಿ," ಎಂದಳು.

ಹ್ಯಾಟು ಹಾಕಿಕೊಂಡು ನಾನೂ ಹಿಂದೆಯೇ ಹೊರಟೆ. ಸಾಕ್ಷಿಗೆ ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಕುದುರೆ ಕಟ್ಟಿ ಎಳೆದಿದ್ದರೂ ನಾನು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಅವಳು ತನ್ನ ಮನೆಯ ಹಿತ್ತಿಲ ಬಾಗಿಲು ಬಿಟ್ಟು, ಸುತ್ತು ಹಾಕಿ ಮುಂಬಾಗಿಲಿಗೆ ಹೋಗಿ ಬಡಿದಳು. ಕೈಯೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ದೋನ್ಯಾ ಕ್ಲೊರಿಂದಾ ಬಾಗಿಲು ತೆರೆದರು.

"ಏನೇ ಹುಡುಗಿ, ನಿನ್ನ ಮನೆ ಬಾಗ್ಲು ನೀನೇ ತಟ್ತೀಯಲ್ಲ. ಬಿಸಿಲು ಹೊಡೀತಾ?"

"ದೋನ್ಯಾ ಕ್ಲೊರಿಂದಾ ಚಿಗುವಾಯ್ ಅವರೆ."

ಮುದುಕಿ ಕೈಯ ಹಿಟ್ಟನ್ನು ಮೆಲ್ಲಗೆ ಮುಂದೆ ಕಟ್ಟಿದ್ದ ಅಡುಗೆಬಟ್ಟೆಗೆ ಒರೆಸಿಕೊಂಡು, ನೆಟ್ಟಗೆ ನಿಂತರು. ಪೂರ್ತಿ ಹೆಸರು ಹಿಡಿದು ಕರೆದ ಮೇಲೆ ಅತ್ತೆಯಾದರೂ ಅಷ್ಟೇ, ಬಿಷಪ್ಪನಾದರೂ ಅಷ್ಟೇ.

"ನಾಳೆ ಮಿಂಗಾದ ಮಡಕೆ ನಿಮ್ಮ ಕೈಗೆ ಕೊಡ್ತಿದೀನಿ," ಎಂದಳು ಓರ್ಫೆಲಿನಾ. "ನಂಗೆ ಮಿಕ್ಕಿರೋ ಅರ್ಧ ಕೊಲ್ಲಿ ನಾಳೇನೇ ಬರೀಬೇಕು. ಇಷ್ಟು ವರ್ಷ ಕದ್ದು ಬರ್ದೆ. ನಾಳೆ ಒಂದಿನ ಕೇಳ್ಕೊಂಡು ಬರೀತೀನಿ."

ಚಿತ್ರಕ್ಕಾಗಿ ಬೇಡಿಕೆ ಎಂಬುದನ್ನು ನಮ್ಮ ದ್ವೀಪ ಕೇಳಿರಲಿಲ್ಲ. ಬೇಲಿಗೆ ಕೇಳುತ್ತಾರೆ, ಆಲೂಗಡ್ಡೆ ಕೀಳುವುದಕ್ಕೆ ಕೇಳುತ್ತಾರೆ. ದೋನ್ಯಾ ಕ್ಲೊರಿಂದಾ ನನ್ನ ಕಡೆ ನೋಡಿದರು. ನಾನು ಹ್ಯಾಟಿನ ಒಳಗೇನೋ ಕಳೆದುಕೊಂಡವನಂತೆ ಹುಡುಕತೊಡಗಿದೆ. ಅಷ್ಟು ಹೊತ್ತಿನಲ್ಲಿ ನನ್ನ ಗಡ್ಡ ಒಂದು ಅಂಗುಲ ಬೆಳೆಯಿತು.

"ಮಡಕೆ ನಾನ್ ನೋಡ್ಕೋತೀನಿ," ಎಂದರು ಕೊನೆಗೆ. "ಮನೆ ಮುಳುಗಿದ್ರೆ ಮಾತ್ರ ನನ್ನ ಕೂಗ್ಬೇಡ. ಕೈಲಿ ಕೆಲಸ ಇರತ್ತೆ. ಈಗ ಒಳಗ್ ಬಂದು ಬ್ರೆಡ್ ನೋಡು."

ಗುರುವಾರ ಬಿಸಿಲು ಬಂತು. ಚಿಲೊಯೆಯಲ್ಲಿ ಅದೇ ಒಂದು ಸುದ್ದಿ. ನೆರೆಯ ದ್ವೀಪಗಳಿಂದಲೂ ದೋಣಿ ಬಂದವು. ಆಚೆ ದಡದಲ್ಲಿ ದೋನ್ಯಾ ಕ್ಲೊರಿಂದಾ ಹೆಂಗಸರನ್ನು ಕಟ್ಟಿಕೊಂಡು ಗುಂಡಿ ತೋಡಿ, ಕಲ್ಲು ಕಾಯಿಸಿ, ಚಿಪ್ಪಿಮೀನು, ಹಂದಿಮಾಂಸ, ಆಲೂಗಡ್ಡೆ ಸುರಿದು, ಛತ್ರಿಯಗಲದ ಎಲೆ ಹೊದಿಸಿ, ಮೇಲೆ ಹುಲ್ಲುಹೆಂಟೆ ಮುಚ್ಚಿ ಕುರಾಂತೊ ಹೂಡಿದ್ದರು. ಅದರ ಹೊಗೆ ಎಷ್ಟು ಪರಿಮಳವೆಂದರೆ ಮೇಲೆ ಹಾರುತ್ತಿದ್ದ ಕಡಲಕಾಗೆಗಳು ರೆಕ್ಕೆ ಬಡಿಯುವುದನ್ನೇ ಮರೆತು ಅದರ ಮೇಲೇ ಕೂತಿದ್ದವು.

ಎತ್ತುಗಳು ಮನೆಯನ್ನು ದಡಕ್ಕೆಳೆದವು. ನೀರು ಏರಿತು, ಪೀಪಾಯಿಗಳು ಮುಲುಗಿದವು, ಮನೆ ಹೊಟ್ಟೆ ತುಂಬಿದ ಹಸುವಿನ ಹಾಗೆ ಒಮ್ಮೆ ಮಗ್ಗುಲಾಗಿ ಎದ್ದು ತೇಲಿತು. ದಡದಲ್ಲಿದ್ದವರ ಕೇಕೆಗೆ ಆಚೆ ನೆಲದ ಅಗ್ನಿಪರ್ವತಗಳ ಹಿಮ ಜಾರಿತು. ಬೆಲಾರ್ಮಿನೊ ನನ್ನ ದೋಣಿಯಲ್ಲಿ ಹಗ್ಗ ಹಿಡಿದಿದ್ದ. ಹಿಂದೆ ತಿರುಗಿ ನೋಡಿದವನು ಕಲ್ಲಾದ.

"ಕೊಂಪಾದ್ರೆ, ಕಿಟಕೀಲಿ ಯಾರದು?"

"ನಿನ್ನ ಹೆಂಡ್ತಿ."

"ಇಳೀಲಿಲ್ವಾ ಅವಳು?"

"ಬೇಡಿಕೆ ಆಗೋಗಿದೆ ಕಣಪ್ಪ. ನಂಗೂ ಆಗಿದೆ, ನಿಮ್ಮಮ್ಮಂಗೂ ಆಗಿದೆ."

ಅವನು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದ, ಮನೆಗಲ್ಲ, ಅವಳಿಗೇ ಕಟ್ಟಿದ್ದಾರೆ ಎಂಬಂತೆ.

ನಡುಗಡಲಿಗೆ ಬಂದಾಗ ಸೆಳವು ಮನೆಯನ್ನು ಹಿಡಿಯಿತು. ಮನೆ ಮೆಲ್ಲಗೆ ತಿರುಗತೊಡಗಿತು. ಎಡಕ್ಕೆ ಎಳೆಯಿರಿ, ಬಲಕ್ಕೆ ಬಿಡಿ ಎಂದು ಎಲ್ಲ ದೋಣಿಗಳಿಂದ ಗಲಾಟೆ ಎದ್ದಿತು. ಆಗ ಕಿಟಕಿಯಿಂದ ತಲೆಯೊಂದು ಹೊರಬಂತು, ಹಣೆಯಿಂದ ಗಲ್ಲದವರೆಗೆ ಇದ್ದಿಲು.

"ತಿರುಗ್ಲಿ ಬಿಡಿ ಕೊಂಪಾದ್ರೆ. ಒಂಚೂರು ನಿಧಾನ ಮಾತ್ರ."

ತಿರುಗಲಿ ಎಂದು ಬಿಟ್ಟೆ. ನಾನು ಹುಟ್ಟಿದಾಗಿನಿಂದ ಈ ನೀರಿನಲ್ಲಿದ್ದೇನೆ, ಅಂಥದ್ದನ್ನು ಕಂಡಿಲ್ಲ. ಹೊಗೆಕೊಳವೆ, ಮರದ ಹಂಚು, ಒಣಗಲು ಹಾಕಿ ಮರೆತ ಒಂದು ಕಾಲುಚೀಲ ಸಮೇತ ಮನೆಯೊಂದು ಕಡಲ ಮಧ್ಯೆ ಗಿರ್ರನೆ, ಇಲ್ಲ, ಗಿರ್ರನೆ ಅಲ್ಲ, ಮದುವೆಯಲ್ಲಿ ಅಜ್ಜಿ ಕುಣಿದ ಹಾಗೆ ತಿರುಗುತ್ತಿದೆ. ಇಷ್ಟು ವರ್ಷ ಒಂದೇ ಕೊಲ್ಲಿ ನೋಡಿದ ಕಿಟಕಿ ಈಗ ತೆಂಕಣ ಬಯಲುಕಡಲು ನೋಡಿತು, ಆಚೆ ನೆಲದ ಅಗ್ನಿಪರ್ವತಗಳನ್ನು ನೋಡಿತು, ತಾನು ಬಿಟ್ಟು ಬಂದ ದಿಬ್ಬವನ್ನು ನೋಡಿತು. ಅವಳು ಎರಡೂ ಕೈಯಲ್ಲಿ ಬರೆಯುತ್ತಿದ್ದಳು. ಸುರುಳಿಯನ್ನು ಮೊಣಕಾಲಿನಿಂದ ನೂಕುತ್ತಿದ್ದಳು. ಇದ್ದಿಲು ಮುರಿದರೆ ಹೆಬ್ಬೆರಳಿನಿಂದಲೇ ಬರೆದಳು, ಅದರಲ್ಲಿ ಹತ್ತು ವರ್ಷದ ಸರಕಿತ್ತಲ್ಲ. ಬೆಲಾರ್ಮಿನೊ ಹಗ್ಗ ಹಿಡಿದುಕೊಂಡೇ ಬಾಯಿಬಿಟ್ಟು ನೋಡುತ್ತಿದ್ದ. "ನಿದಾನಾ, ನಿದಾನಾ" ಎಂದು ಈಗ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.

ಮನೆ ಆಚೆ ದಡ ಮುಟ್ಟುವಾಗ ಅಡುಗೆಮನೆ ಹಿಂದಾಗಿ, ಕಡಲಿಗೆ ಮುಖ ಮಾಡಿಕೊಂಡಿತ್ತು. ಕಾದಿದ್ದ ಎತ್ತಿನವರು ಸಿಕ್ಕಿದ ತುದಿಗೆ ಹಗ್ಗ ಬಿಗಿದು ಹೋ ಎಂದು ಎಳೆದೇಬಿಟ್ಟರು. ದಿಮ್ಮಿ ಬಂಡೆಗೆ ತಾಗಿ ಇಡೀ ಮನೆ ಒಮ್ಮೆ ಹಾರಿ ಕೂತಿತು. ಹೊಸ ಗುಜ್ಜಿನ ಮೇಲೆ ಹತ್ತಿಸಿದ ಮೇಲೇ ಎಲ್ಲರಿಗೂ ಹೊಳೆದದ್ದು: ಮನೆ ತಿರುಗುಮುರುಗಾಗಿ ಕೂತಿದೆ. ಕಾಡಿನ ಕಡೆ ಮುಂಬಾಗಿಲು, ಕಡಲಿನ ಕಡೆ ಅಡುಗೆಮನೆ.

ಮತ್ತೆ ಇಳಿಸಿ ತಿರುಗಿಸೋಣ ಎಂದ ಬೆಲಾರ್ಮಿನೊ. ಎತ್ತುಗಳಿಗೆ ಇನ್ನೂ ಶಕ್ತಿಯಿತ್ತು, ಬೆಳಕೂ ಇತ್ತು. ಗಂಡಸರು ಮತ್ತೆ ಹಗ್ಗಕ್ಕೆ ಕೈಹಾಕಿದರು. ಓರ್ಫೆಲಿನಾಳ ಬೇಡಿಕೆ ಒಂದು ದಿನದ್ದು, ಆ ದಿನ ಮುಗಿಯುತ್ತ ಬಂದಿತ್ತು. ಅವಳು ಕಿಟಕಿಯಲ್ಲಿ ಕೊನೆಯ ಗುಡ್ಡವನ್ನು ಉಜ್ಜುತ್ತ ನಿಂತಿದ್ದಳು.

ದೋನ್ಯಾ ಕ್ಲೊರಿಂದಾ ಕುರಾಂತೊದ ಗುಂಡಿಯ ಬಳಿಯಿಂದ ಕಿಟಕಿಯ ಕಡೆ ನೋಡಿದರು. ಆಮೇಲೆ ಬಗ್ಗಿ ಒಂದು ಹುಲ್ಲುಹೆಂಟೆ ಎತ್ತಿ ಪಕ್ಕಕ್ಕೆಸೆದರು.

"ಎಲೆ ತೆಗೀತಿದೀನಿ," ಎಂದರು.

ಎಲೆ ತೆಗೆದ ಮೇಲೆ ಹಗ್ಗ ಮುಟ್ಟುವವರಿಲ್ಲ. ಅದು ಮಿಂಗಾದ ನಿಯಮ, ಹಸಿವಿನ ನಿಯಮವೂ ಹೌದು.

"ಅಮ್ಮ, ಅಡುಗೆಮನೆ ಗಾಳಿ ಕಡೆ ಇದೆ," ಎಂದ ಬೆಲಾರ್ಮಿನೊ.

"ಗಾಳಿ ಬಂದ್ರೆ ಕಿಟಕಿ ಹಾಕ್ಕೊಳೋ. ಊಟ ಆರೋಗತ್ತೆ, ತಟ್ಟೆ ತಗೋ."

ಎಲ್ಲರೂ ತಟ್ಟೆ ಹಿಡಿದರು. ನಾನು ಮೊದಲನೆಯ ಆಲೂಗಡ್ಡೆ ಕಚ್ಚಿದೆ. ಹೊರಗೆ ಬಿಸಿ, ಒಳಗೆ ಹಸಿ, ಬೆಣಚುಕಲ್ಲಿನ ಹಾಗಿತ್ತು. ಅದಿನ್ನೂ ಅರ್ಧ ಗಂಟೆ ಬೇಯಬೇಕಿತ್ತು. ದೋನ್ಯಾ ಕ್ಲೊರಿಂದಾ ಹುಟ್ಟಿದಾಗಿನಿಂದ ಕುರಾಂತೊ ಹೂಡಿದವರು, ಎಲೆಯ ಮೇಲಿನ ಹಬೆ ನೋಡಿ ಒಳಗಿನ ಚಿಪ್ಪಿಯ ಮನಸ್ಸು ಹೇಳಬಲ್ಲವರು. ತಲೆ ಎತ್ತಿದೆ. ಆಕೆ ನನ್ನನ್ನೇ ನೋಡುತ್ತಿದ್ದರು.

"ಹೇಗಿದೆ ರೊಸಾಮೆಲ್?"

"ಬೆಣ್ಣೆ ಇದ್ದ ಹಾಗಿದೆ," ಎಂದೆ. ನನ್ನ ಜೀವನದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದೇ. ನನ್ನ ಬಾಚಿಹಲ್ಲು ಆ ಆಲೂಗಡ್ಡೆಯಲ್ಲೇ ಉಳಿಯಿತು.

ಶನಿವಾರ ನಮ್ಮ ದ್ವೀಪದಲ್ಲಿ ಕೋಳಿ ಕೂಗುವುದಕ್ಕೂ ಜನವಿರಲಿಲ್ಲ, ಎಲ್ಲರೂ ಕಾಸ್ತ್ರೊದಲ್ಲಿ. ಮೂರು ಗೋಡೆಗಳ ಉದ್ದಕ್ಕೂ ಚಿತ್ರ. ಅರ್ಧದವರೆಗೆ ನಿಂತ ಕೊಲ್ಲಿ, ಮಡಕೆಯ ಸಂದಿಯಲ್ಲಿ ಬರೆದದ್ದು. ಅಲ್ಲಿಂದ ಮುಂದೆ ಇಡೀ ಲೋಕ ಎದ್ದು ನಡೆಯತೊಡಗುತ್ತದೆ. ಗುಡ್ಡಗಳು ಓಡುತ್ತವೆ, ಅಗ್ನಿಪರ್ವತಗಳು ಸುತ್ತುತ್ತವೆ, ದೋಣಿಯೊಂದರಲ್ಲಿ ನನ್ನ ಮೂಗೂ ಇದೆ, ಸ್ವಲ್ಪ ಚಿಕ್ಕದಾಗಿ ಬರೆದಿದ್ದಾಳೆ, ಗೌರವಕ್ಕೆ. ಜನ ಅದರ ಮುಂದೆ ನಡೆಯುತ್ತ ನಡೆಯುತ್ತ ತೂರಾಡುತ್ತಿದ್ದರು. ಕೊನೆಯ ಗೋಡೆಯಲ್ಲಿ ಗೆರೆಯೊಂದು ಥಟ್ಟನೆ ಆಕಾಶಕ್ಕೆ ಹಾರುತ್ತದೆ. ಬೆಲಾರ್ಮಿನೊ ಸಂಜೆಯವರೆಗೂ ಅದರ ಪಕ್ಕದಿಂದ ಅಲುಗಲಿಲ್ಲ. ಬಂದವರಿಗೆಲ್ಲ, ಇದು ನಮ್ಮೆತ್ತು ಜಗ್ಗಿದ್ದು, ಇದು ನಮ್ಮೆತ್ತು, ಎಂದು ತೋರಿಸಿದ್ದೇ ತೋರಿಸಿದ್ದು. ಓರ್ಫೆಲಿನಾ ಈ ಸಲ ನಡುವೆಯೇ ಲಾಂಚು ಹಿಡಿದು ಹೊರಡಲಿಲ್ಲ. ಮಿರೆಯಾಳನ್ನು ಎತ್ತಿಕೊಂಡು, ನಗುತ್ತ, ಬಂದವರೆಲ್ಲರ ಕೈಗೆ ಇದ್ದಿಲು ಅಂಟಿಸುತ್ತ ಕೊನೆಯವರೆಗೂ ಇದ್ದಳು.

ದೋನ್ಯಾ ಕ್ಲೊರಿಂದಾ ಮಾತ್ರ ನಡುವಿನ ಗೋಡೆಯ ಒಂದೆಡೆ ನಿಂತುಬಿಟ್ಟಿದ್ದರು. ಅಲ್ಲಿ ಹಳೆಯ ದಿಬ್ಬವಿತ್ತು. ಕೊಯ್ದ ಗುಜ್ಜುಗಳು, ಆಲೂಗಡ್ಡೆ ಪಾತಿ, ಹಿತ್ತಿಲ ಮೆಟ್ಟಿಲು, ಮೆಟ್ಟಿಲ ಮೇಲೆ ಏನೂ ಇಲ್ಲ. ಆಕೆ ಮದುವೆಯಾಗಿ ಬಂದು ಇಳಿದ ಜಾಗ ಅದು.

ಸ್ವಲ್ಪ ಹೊತ್ತಿನ ಮೇಲೆ ಸಭಾಂಗಣದ ಹೊರಕ್ಕೆ ಹೋದರು. ಮತ್ತೆ ಬಂದು, ಹಾರು ಹೊಡೆದುಕೊಂಡಿದ್ದ ಬಾಗಿಲನ್ನು ಬಡಿದರು. ಗ್ರಾಸಿಯೆಲಾ ಕುರ್ಚಿ ತಂದರು, ಕೂರಲಿಲ್ಲ. ಲೋಟ ತಂದರು, ಮುಟ್ಟಲಿಲ್ಲ. ನಮ್ಮ ದ್ವೀಪದವರೆಲ್ಲ ತಟಕ್ಕನೆ ಬಾಗಿಲ ಕಡೆ ತಿರುಗಿದೆವು.

"ಓರ್ಫೆಲಿನಾ ನಾವೆಲ್ಕಿನ್ ಅವರೆ," ಎಂದರು ಹೊಸಿಲಿನಾಚೆ ನಿಂತು. "ಆ ಮೆಟ್ಲ ಮೇಲೆ ನಮ್ಮನೆ ಬರ್ದುಕೊಡ್ಬೇಕು. ಇದು ನನ್ನ ಬೇಡಿಕೆ."

"ಅತ್ತೆ, ಆ ಮನೆ ಹೊರಗಿಂದ ಹೇಗ್ ಕಾಣ್ತಿತ್ತು ಅಂತ ನಾನು ಸರಿಯಾಗಿ ನೋಡೇ ಇಲ್ಲ."

"ನಾನ್ ಹೇಳ್ತೀನಿ. ನೀನ್ ಬರಿ."

ಈಗ ಅದೇ ನಡೆಯುತ್ತಿದೆ. ಕಡಲಿನ ಕಡೆಯ ಕಿಟಕಿಯಲ್ಲಿ ಇಬ್ಬರೂ ನಿಂತಿರುತ್ತಾರೆ. ಆಚೆ ದಡದ ಖಾಲಿ ದಿಬ್ಬಕ್ಕೆ ಬೆರಳು ಚಾಚಿ ಮುದುಕಿ ಹೇಳುತ್ತಾರೆ, ಸೂರು ಅಷ್ಟು ಎತ್ತರ ಅಲ್ಲ, ಬಾಗಿಲು ಇನ್ನಷ್ಟು ಎಡಕ್ಕೆ, ನಾನು ಬಂದ ದಿನ ಅಲ್ಲೊಂದು ಸೇಬಿನ ಗಿಡ ಇತ್ತು ಅದನ್ನೂ ಹಾಕು. ಸೊಸೆ ಉಜ್ಜುತ್ತಾಳೆ, ಮತ್ತೆ ಬರೆಯುತ್ತಾಳೆ. ನಿನ್ನೆ ನಾನು ಹೋದಾಗ ಮನೆ ತುಂಬ ಹೊಗೆ. ಬ್ರೆಡ್ಡು ಕರಕಲಾಗುತ್ತಿತ್ತು, ಇಬ್ಬರಿಗೂ ಮೂಗೇ ಇರಲಿಲ್ಲ. ನಾನೇ ಒಲೆಯಿಂದ ತೆಗೆದೆ, ತಣ್ಣಗಾಗಲು ಬಿಟ್ಟೆ. ನನ್ನ ಅಳಿಯನ ದೋಣಿಗೂ ಒಂದು ಲಂಗರು ಬೇಕಿತ್ತು.